ತೂಕದ ವಾರ

ತೂಕದ ವಾರ ಬಂತೆಂದರೆ ಆ ಕುಸ್ತಿ ಹಾಲ್‌ನಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ನಗಬೇಕಾದರೂ ಬಾಯಲ್ಲಿ ಒಂದಿಷ್ಟು ಎಂಜಲು ಬೇಕಲ್ಲ. ಆ ಎಂಜಲನ್ನೂ ಹುಡುಗಿಯರು ಚೂಯಿಂಗ್ ಗಮ್ ಜಗಿದು ಜಗಿದು ಪ್ಲಾಸ್ಟಿಕ್ ಬಾಟಲಿಗೆ ಉಗಿದು ಮುಗಿಸಿರುತ್ತಿದ್ದರು. ಹೊರಗಿನವರು ನೋಡಿದರೆ ಛೀ ಅನ್ನುತ್ತಾರೆ. ಒಳಗಿನವರಿಗೆ ಅದು ಶುದ್ಧ ಲೆಕ್ಕ: ಮೈಯೊಳಗಿನ ನೀರು ಹೊರಗೆ ಹೋದಷ್ಟೂ ದೇಹ ಹಗುರ. ಪಂದ್ಯದ ದಿನ ಬೆಳಿಗ್ಗೆ ತೂಕದ ಮಷೀನಿನ ಮೇಲೆ ನಿಂತಾಗ ತನ್ನ ವಿಭಾಗದ ಮಿತಿಗಿಂತ ಎರಡು ಗುಟುಕು ನೀರಿನಷ್ಟು ಹೆಚ್ಚಾದರೂ ಆಟವಿಲ್ಲ, ಮನೆಗೆ ನಡಿ. ಹಾಗಾಗಿ ಅದರ ಹಿಂದಿನ ಕೆಲವು ದಿನ ಊಟ ಬಿಡು, ಉಪ್ಪು ಬಿಡು, ಕೊನೆಗೆ ನೀರೂ ಬಿಡು. ಮೈಗೆ ಪ್ಲಾಸ್ಟಿಕ್ ಜಾಕೆಟ್ ಏರಿಸಿಕೊಂಡು ಓಡು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿನ್ನದವರಿಗೂ ನೀರಿನದೇ ಕನಸು.

ಈ ವಿದ್ಯೆಯ ಮಹಾಗುರು ಆ ವಿಶ್ವವಿದ್ಯಾಲಯದ ಹುಡುಗಿಯರ ತಂಡದ ಕೋಚ್. ಹುಡುಗಿಯರು ಅವನಿಗೆ ಇಟ್ಟ ಹೆಸರು ತಕ್ಕಡಿ ಸರ್. ಅದು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಇತ್ತು. ಒಬ್ಬ ಹುಡುಗಿ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಅವಳ ಕೆನ್ನೆ ನೋಡಿ, ನಡಿಗೆ ನೋಡಿ, “ನಿನ್ನೆ ಬ್ರೆಡ್ ತಿಂದಿದೀಯ” ಎಂದುಬಿಡುತ್ತಿದ್ದ. ಅವಳು ಆಣೆ ಪ್ರಮಾಣ ಮಾಡಿದರೆ ಮಷೀನಿನ ಮೇಲೆ ನಿಲ್ಲಿಸುತ್ತಿದ್ದ. ಮಷೀನು ಯಾವತ್ತೂ ಅವನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ತಾನು ಆಡುವ ಕಾಲದಲ್ಲಿ ದೇಶದ ತಂಡದ ಆಯ್ಕೆಗೆ ಹೋಗಿ, ಇನ್ನೂರು ಗ್ರಾಂ ಹೆಚ್ಚಾಗಿ, ಮ್ಯಾಟ್ ತುಳಿಯದೆ ವಾಪಸು ಬಂದವನು ಅವನು. ಪ್ರತಿ ವರ್ಷ ಹೊಸಬರನ್ನು ಕೂರಿಸಿಕೊಂಡು ಆ ಕತೆ ಹೇಳುತ್ತಿದ್ದ. “ಇನ್ನೂರು ಗ್ರಾಂ ಅಂದ್ರೆ ಏನು ಗೊತ್ತಾ? ಒಂದು ಲೋಟ ನೀರು. ಒಂದು ಲೋಟ ನೀರಲ್ಲಿ ಮುಳುಗಿ ಸತ್ತವನು ನಾನು” ಎಂಬಲ್ಲಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಬಂಡೆ ತುಟಿಯಾಡಿಸುತ್ತಾ ಅದನ್ನೇ ಒಪ್ಪಿಸುತ್ತಿದ್ದಳು.

ಬಂಡೆ ಎಂದರೆ ಅತಿ ಭಾರದ ವಿಭಾಗದ ಹುಡುಗಿ. ಅವಳ ಮೇಲಿನ ಮಿತಿ ಅವಳಿಂದ ಬಹಳ ದೂರದಲ್ಲಿದ್ದದ್ದರಿಂದ ತಂಡದಲ್ಲಿ ತೂಕ ಇಳಿಸದೆ ಇದ್ದವಳು ಅವಳೊಬ್ಬಳೇ. ಉಳಿದವರು ಒಣಗಿದ ತುಟಿ ನೆಕ್ಕಿಕೊಂಡು ಗೋಡೆಗೆ ಒರಗಿ ಕೂತಿರುವಾಗ ಇವಳು ಮೂಲೆಯಲ್ಲಿ ಬೆನ್ನು ತಿರುಗಿಸಿ ಬಾಳೆಹಣ್ಣು ಸುಲಿಯುತ್ತಿದ್ದಳು. ಸುಲಿಯುವ ಸದ್ದಿಗೇ ಹನ್ನೊಂದು ತಲೆ ತಿರುಗುತ್ತಿದ್ದವು.

ಆ ಹನ್ನೊಂದರಲ್ಲಿ ಒಂದು ಕೋಚ್‌ನ ಮಗಳದು. ಐವತ್ತಮೂರು ಕಿಲೋ ವಿಭಾಗ. ಮನೆಯಲ್ಲಿ ಪುಟ್ಟಿ, ಅವನು ಅಪ್ಪ. ಹಾಲ್‌ನ ಹೊಸಿಲು ದಾಟಿದರೆ ಅವಳೂ ಎಲ್ಲರಂತೆ ಒಬ್ಬಳು, ಅವನು ಸರ್. ಈ ನಿಯಮವನ್ನು ಅವಳಿಗೆ ಹತ್ತು ವರ್ಷವಿದ್ದಾಗಲೇ ಅವನು ಮಾಡಿದ್ದ. ಮಗಳೆಂದು ತಲೆ ಮೇಲೆ ಹೊತ್ತುಕೊಂಡ ಎಂದು ಯಾರೂ ಬೆರಳು ತೋರಿಸಬಾರದು. ಯಾರೂ ತೋರಿಸಲೂ ಇಲ್ಲ. ಎಲ್ಲರಿಗಿಂತ ಎರಡು ಸುತ್ತು ಹೆಚ್ಚು ಓಡುತ್ತಿದ್ದವಳು ಅವಳೇ. ಈ ಸಲದ ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಗೆದ್ದವರನ್ನು ನೇರವಾಗಿ ದೇಶದ ತಂಡದ ಶಿಬಿರಕ್ಕೆ ಕರೆಯುತ್ತಾರೆ ಎಂದು ಪ್ರಕಟವಾಗಿತ್ತು. ಇನ್ನೂರು ಗ್ರಾಂನಲ್ಲಿ ತಪ್ಪಿಹೋದ ಬಾಗಿಲು ಮಗಳಿಗೆ ತೆರೆದೀತು ಎಂದು ಅವನು ಕನಸು ಕಾಣುತ್ತಿದ್ದ. ಕನಸು ಕಾಣುವುದು ತಪ್ಪಲ್ಲ. ಬೇರೆಯವರ ಮೈಯಲ್ಲಿ ಕಾಣುವುದು ತಪ್ಪು.

ಸೋಮವಾರ ಬೆಳಿಗ್ಗೆ ಎಲ್ಲರ ತೂಕ ನೋಡಿದ. ಒಬ್ಬಳು ಎರಡು ಕಿಲೋ ಮೇಲೆ, ಒಬ್ಬಳು ಒಂದೂವರೆ, ಒಬ್ಬಳಂತೂ ಮೂರು. ಮಗಳ ಸರದಿ ಬಂತು. ಚಪ್ಪಲಿ ಬಿಟ್ಟು, ಕೂದಲಿನ ಕ್ಲಿಪ್ ತೆಗೆದು, ಉಸಿರು ಪೂರ್ತಿ ಹೊರಗೆ ಬಿಟ್ಟು ಮಷೀನಿನ ಮೇಲೆ ನಿಂತಳು. ಐವತ್ತೊಂದೂವರೆ. ಮಿತಿಗಿಂತ ಒಂದೂವರೆ ಕಿಲೋ ಕೆಳಗೆ. ಕೋಚ್ ಮತ್ತೊಮ್ಮೆ ನಿಲ್ಲಿಸಿದ. ಅಷ್ಟೇ.

“ಶಭಾಷ್!” ಎಂದು ಅವಳ ಬೆನ್ನಿಗೆ ಒಂದು ಏಟು ಕೊಟ್ಟ. “ಎಲ್ಲರೂ ಬನ್ರೇ ಇಲ್ಲಿ. ನೋಡ್ರೇ ಇವಳನ್ನ. ಶಿಸ್ತು ಅಂದ್ರೆ ಇದು. ನೀವು ಕೊನೇ ಗಳಿಗೇಲಿ ಸಾಯ್ತೀರ, ಇವಳು ತಿಂಗಳ ಮುಂಚೇನೇ ಮುಗಿಸ್ಕೊಂಡಿದಾಳೆ.” ಮಗಳ ಕಡೆ ತಿರುಗಿ, “ನೀನಿನ್ನು ಏನೂ ಇಳಿಸೋ ಹಾಗಿಲ್ಲ. ಆರಾಮಾಗಿ ಊಟ ಮಾಡು, ನೀರು ಕುಡಿ” ಎಂದ.

“ಸರಿ ಸರ್” ಎಂದಳು ಮಗಳು. ಕೆಳಗಿಳಿದು ಚಪ್ಪಲಿ ಹುಡುಕಿದಳು. ಕಾಲ ಮುಂದೆಯೇ ಇದ್ದ ಚಪ್ಪಲಿ ಅವಳ ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತು ಬೇಕಾಯಿತು.

ಬುಧವಾರ ಬೆಳಿಗ್ಗೆ ಕೌನ್ಸಿಲರ್ ಮೇಡಂ ಹಾಲ್‌ಗೆ ಬಂದಳು. ಹಿಂದಿನ ವರ್ಷ ಬೇರೊಂದು ಕಾಲೇಜಿನ ಈಜುಗಾರನೊಬ್ಬ ಜೀವ ಕಳೆದುಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದು ದೊಡ್ಡ ಗಲಾಟೆಯಾಗಿ, ಇನ್ನು ಮೇಲೆ ಪ್ರತಿಯೊಬ್ಬ ಆಟಗಾರನ ಮನಸ್ಸಿನ ತಪಾಸಣೆಯೂ ಆಗಬೇಕೆಂದು ವಿಶ್ವವಿದ್ಯಾಲಯ ಆಜ್ಞೆ ಮಾಡಿತ್ತು. ಆಜ್ಞೆ ಮಾಡಿದವರು ನಾನೂರು ಆಟಗಾರರಿಗೆ ಒಬ್ಬಳೇ ಒಬ್ಬಳು ಕೌನ್ಸಿಲರನ್ನು ನೇಮಿಸಿ ಕೈತೊಳೆದುಕೊಂಡರು. ಕೂರಲು ಕೊಟ್ಟದ್ದು ಹಳೇ ಸ್ಟೋರ್ ರೂಮು. ಗಾಳಿ ಹೋದ ಚೆಂಡುಗಳ ಬಲೆಯೊಂದು ಇನ್ನೂ ಅದರ ಸೂರಿನಿಂದ ನೇತಾಡುತ್ತಿತ್ತು. ದುಃಖ ಹೇಳಿಕೊಳ್ಳಲು ಹೋದವರು ಮೊದಲು ತಲೆ ತಗ್ಗಿಸಬೇಕು. ಯಾವ ದಿನ ಯಾವ ತಂಡದ ತಪಾಸಣೆ ಎಂದು ನಿಗದಿ ಮಾಡಿದ್ದು ಆಫೀಸಿನ ಗುಮಾಸ್ತ. ಅವನು ಅಕ್ಷರಾನುಕ್ರಮ ನೋಡಿದ, ಪಂದ್ಯದ ದಿನ ನೋಡಲಿಲ್ಲ. ಶುಕ್ರವಾರ ಬೆಳಿಗ್ಗೆ ತೂಕ, ಬುಧವಾರ ಮನಸ್ಸು.

“ಅರ್ಧ ಗಂಟೆ ಮಾತ್ರ ಮೇಡಂ” ಎಂದ ಕೋಚ್. “ಮೈ ಬಿಸಿ ಆರಬಾರದು.”

ಹನ್ನೆರಡು ಹುಡುಗಿಯರು ಗೋಡೆಗೆ ಒರಗಿ ಸಾಲಾಗಿ ಕೂತರು. ಜಾಕೆಟ್ಟಿನ ತೋಳಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೌನ್ಸಿಲರ್ ಎಲ್ಲರ ಫೋನಿಗೂ ಪ್ರಶ್ನೆಗಳನ್ನು ಕಳಿಸಿದಳು. ಕಳೆದ ಎರಡು ವಾರದಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯೇ? ಊಟದಲ್ಲಿ ಆಸಕ್ತಿ ಇದೆಯೇ? ಸುಮ್ಮಸುಮ್ಮನೆ ಸಿಟ್ಟು ಬರುತ್ತದೆಯೇ? ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲವೇ? ಮೈ ಭಾರವೆನಿಸುತ್ತದೆಯೇ? ಹೀಗೆ ಇನ್ನೂ ಕೆಲವು.

“ಮೈ ಭಾರ ಅನ್ಸುತ್ತಾ ಅಂತೆ” ಎಂದು ಮೂರು ಕಿಲೋ ಹೆಚ್ಚಿದ್ದವಳು ಬಾಟಲಿಗೆ ಉಗಿದು ಗೊಣಗಿದಳು. “ಅದೇ ತಾನೇ ನಮ್ಮ ರೋಗ.”

ಯಾರಿಗೂ ನಗು ಬರಲಿಲ್ಲ. ಬೆರಳು ಒತ್ತುತ್ತಾ ಹೋದರು. ಹೆಚ್ಚು ಯೋಚಿಸಿದವಳು ಬಂಡೆ ಒಬ್ಬಳೇ. ನಿನ್ನೆ ಊಟ ಚೆನ್ನಾಗಿತ್ತೇ ಎಂದು ನೆನಪು ಮಾಡಿಕೊಳ್ಳುತ್ತಿರುವ ಹಾಗೆ ಸೂರು ನೋಡುತ್ತಿದ್ದಳು. ಕೋಚ್‌ನ ಮಗಳು ಕೊನೆಯ ಪ್ರಶ್ನೆಯ ಮೇಲೆ ಬಹಳ ಹೊತ್ತು ನಿಂತಳು. ಆಮೇಲೆ ಅದನ್ನೂ ಒತ್ತಿ ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟಳು.

ಮಧ್ಯಾಹ್ನದ ಹೊತ್ತಿಗೆ ಕೌನ್ಸಿಲರ್ ಕೋಚ್‌ನ ಕೋಣೆಗೆ ಓಡಿಬಂದಳು. ಓಡಿಯೇ ಬಂದಳು, ಏದುಸಿರು ಬಿಡುತ್ತಿದ್ದಳು.

“ಸರ್, ಹನ್ನೆರಡರಲ್ಲಿ ಹನ್ನೊಂದು ಜನರದು ಕೆಂಪು ಬಂದಿದೆ, ಅಂದ್ರೆ ಅಪಾಯ. ಇಡೀ ವಿಶ್ವವಿದ್ಯಾಲಯದಲ್ಲಿ ಯಾವ ತಂಡದಲ್ಲೂ ಹೀಗೆ ಬಂದಿಲ್ಲ. ಕೆಂಪು ಬಂದೋರನ್ನ ನಾನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡೋವರೆಗೂ ಆಡಿಸೋ ಹಾಗಿಲ್ಲ. ನಿಯಮ.”

ಕೋಚ್ ಮೊದಲು ಗಾಬರಿಯಾದ. ಆಮೇಲೆ ಏನೋ ಹೊಳೆದು ಜೋರಾಗಿ ನಗತೊಡಗಿದ. ನಿಜವಾಗಿಯೂ ನಗು ಬಂದಿತ್ತು ಅವನಿಗೆ.

“ಮೇಡಂ, ಕೂತ್ಕೊಳ್ಳಿ. ನೀರು ಕುಡೀರಿ. ನೀವು ಕುಡೀಬಹುದು, ಪಾಪ, ಅವರಿಗೆ ಇಲ್ಲ. ಕೆಂಪು ಬರದ ಆ ಒಬ್ಬಳು ಯಾರು ಅಂತ ನಾನು ಹೇಳಲಾ? ಬಂಡೆ.”

ಕೌನ್ಸಿಲರ್ ಕಣ್ಣರಳಿಸಿದಳು. ಹೆಸರು ಹೇಳುವ ಹಾಗಿರಲಿಲ್ಲ, ಆದರೆ ಮುಖ ಹೇಳಿಬಿಟ್ಟಿತು.

“ಯಾಕೆ ಹೇಳಿ? ಅವಳೊಬ್ಬಳೇ ತಿಂತಿರೋದು! ಉಳಿದವರು ತೂಕ ಇಳಿಸ್ತಿದಾರೆ. ಹೊಟ್ಟೆಗೆ ಇಲ್ಲ, ಗಂಟಲಿಗೆ ಇಲ್ಲ. ನಿದ್ದೆ ಬರುತ್ತಾ ಅಂತ ಕೇಳಿದ್ರೆ ಎಲ್ಲಿ ಬರುತ್ತೆ? ಊಟದಲ್ಲಿ ಆಸಕ್ತಿ ಇದೆಯಾ ಅಂದ್ರೆ ಹೊಡೀತಾರೆ. ನೀವೂ ಎರಡು ದಿನ ನೀರು ಬಿಟ್ಟು ನೋಡಿ, ಜೀವನವೇ ಬೇಡ ಅನ್ಸುತ್ತೆ. ಇದು ಮನಸ್ಸಿನ ಕಾಯಿಲೆ ಅಲ್ಲ ಮೇಡಂ, ಹಸಿವು. ಶುಕ್ರವಾರ ತೂಕ ಆದ್ಮೇಲೆ ಎರಡು ಬಾಳೆಹಣ್ಣು ಕೊಡಿ, ಎಲ್ಲಾ ಹಸಿರಾಗುತ್ತೆ.”

ಮಾತಿನಲ್ಲಿ ಹುರುಳಿತ್ತು. ಅದೇ ಕಷ್ಟ. ಸುಳ್ಳು ಹೇಳಿದ್ದರೆ ಆ ಹೆಣ್ಣುಮಗಳು ಬಗ್ಗುತ್ತಿರಲಿಲ್ಲ. ಅವಳೂ ಓದಿದವಳು, ಹಸಿದ ದೇಹಕ್ಕೂ ಬೇಸತ್ತ ಮನಸ್ಸಿಗೂ ಲಕ್ಷಣಗಳು ಎಷ್ಟೋ ಸಲ ಒಂದೇ ಎಂಬುದನ್ನು ಪಾಠದಲ್ಲೂ ಓದಿದ್ದಳು. ತಾನು ಕೇಳಿದ ವಾರವೇ ತಪ್ಪು ಎಂಬುದು ಅವಳಿಗೂ ಹೊಳೆಯಿತು.

“ಆದ್ರೆ ಕೊನೇ ಪ್ರಶ್ನೆ ಸರ್” ಎಂದಳು, ದನಿ ತಗ್ಗಿಸಿ. “ಬದುಕಿರೋದಕ್ಕಿಂತ ಇಲ್ಲದೇ ಇರೋದೇ ಮೇಲು ಅನ್ಸುತ್ತಾ ಅಂತ. ನಾಲ್ಕು ಜನ ಹೌದು ಅಂದಿದಾರೆ.”

“ತೂಕದ ವಾರದಲ್ಲಿ ನಾನು ದಿನಕ್ಕೆ ಹತ್ತು ಸಲ ಸಾಯ್ತಿದ್ದೆ. ಓಡುವಾಗ ಸತ್ತೋಗ್ತೀನಿ ಸರ್, ಸತ್ತೋಗ್ತೀನಿ ಸರ್ ಅಂತಾನೇ ಓಡ್ತಾವೆ ಈ ಹುಡುಗೀರು. ಅದು ಇವರ ಬಾಯಿಪಾಠ.”

ಕೌನ್ಸಿಲರ್ ಆಮೇಲೆ ಕೇಳಿದ ಪ್ರಶ್ನೆ ಬಹಳ ಸರಳವಾಗಿತ್ತು.

“ಬಂಡೆ ಬಿಟ್ಟು ಉಳಿದ ಹನ್ನೊಂದು ಜನಾನೂ ತೂಕ ಇಳಿಸ್ತಿದಾರಾ ಸರ್? ಎಲ್ಲರೂ? ಇಳಿಸದೇನೇ ಕೆಂಪು ಬಂದೋರು ಯಾರಾದ್ರೂ ಇದ್ರೆ, ಅವರೊಬ್ಬರನ್ನಾದ್ರೂ ನಾನು ಇವತ್ತೇ ನೋಡ್ಬೇಕು.”

ಕೋಚ್‌ನ ಕಣ್ಣ ಮುಂದೆ ಸೋಮವಾರದ ಮಷೀನು ಬಂತು. ಐವತ್ತೊಂದೂವರೆ. ಊಟ ಮಾಡು, ನೀರು ಕುಡಿ ಎಂದು ತಾನೇ ಹೇಳಿದ್ದು. ಹನ್ನೊಂದರಲ್ಲಿ ಹತ್ತು ಜನರಿಗೆ ಹಸಿವಿನ ಕಾರಣವಿತ್ತು, ಒಬ್ಬಳಿಗೆ ಇರಲಿಲ್ಲ. ಅವಳ ಹೆಸರು ಹೇಳಿದರೆ ಇವತ್ತು ಕೂರಿಸಿ ಮಾತಾಡಿಸುತ್ತಾರೆ, ನಾಳೆ ಯಾವನೋ ಡಾಕ್ಟರ ಹತ್ತಿರ ಕಳಿಸುತ್ತಾರೆ, ಶುಕ್ರವಾರ ತೂಕ ಮುಗಿದುಹೋಗಿರುತ್ತದೆ. ಶಿಬಿರ ಮುಗಿದ ಕತೆ. ಕೋಚ್‌ನ ಮಗಳಿಗೆ ತಲೆ ಸರಿಯಿಲ್ಲವಂತೆ ಎಂಬ ಮಾತು ಬೇರೆ.

“ಎಲ್ಲರೂ ಮೇಡಂ” ಎಂದ.

ಮಗಳ ತೂಕ ಆ ಗಳಿಗೆಯಲ್ಲಿ ಮರೆತುಹೋಗಿತ್ತು ಎಂದು ಆಮೇಲೆ ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಹುಡುಗಿಯರ ತೂಕ ಮರೆತವನಂತೆ, ತಕ್ಕಡಿ ಸರ್! ಹೆಂಡತಿಯ ಹುಟ್ಟಿದ ದಿನ ಮರೆತಿದ್ದ, ತನ್ನ ಫೋನ್ ನಂಬರು ಮರೆತಿದ್ದ, ತೂಕ ಮರೆತದ್ದಿಲ್ಲ.

ಆದರೂ ಕೌನ್ಸಿಲರ್ ಆ ನಾಲ್ವರನ್ನು ನೋಡಿಯೇ ಬಿಡುತ್ತೇನೆಂದು ಹಟ ಹಿಡಿದಳು. ಕೋಚ್ ಕ್ರೀಡಾ ವಿಭಾಗದ ಡೈರೆಕ್ಟರ್‌ಗೆ ಫೋನ್ ಮಾಡಿದ. ಡೈರೆಕ್ಟರ್ ಸ್ಪೀಕರಿನಲ್ಲೇ ಮಾತಾಡಿದರು. “ಹೌದಲ್ಲಮ್ಮ, ಹಸಿದಿರೋರನ್ನ ಹಿಡಿದು ಸುಖವಾಗಿದೀರಾ ಅಂತ ಕೇಳಿದ್ರೆ ಇನ್ನೇನಂತಾರೆ? ಇದನ್ನ ರದ್ದು ಮಾಡಿ. ಮುಂದಿನ ವಾರ ಹೊಟ್ಟೆ ತುಂಬಿದ್ಮೇಲೆ ಮತ್ತೆ ಕೇಳಿ. ಎರಡೇ ದಿನ ತಾನೇ, ಆಕಾಶ ಏನೂ ಕಳಚಿ ಬೀಳಲ್ಲ.” ಕೌನ್ಸಿಲರ್ ಕೆಲಸಕ್ಕೆ ಸೇರಿ ಇನ್ನೂ ಖಾಯಂ ಆಗಿರಲಿಲ್ಲ. ತಲೆ ತಗ್ಗಿಸಿ ತನ್ನ ಸ್ಟೋರ್ ರೂಮಿಗೆ ಹೋದಳು.

ಅಂದು ಸಂಜೆ ಹಾಲ್‌ನಲ್ಲಿ ಹುಡುಗಿಯರು ಹಗ್ಗ ಹಾರುತ್ತಿದ್ದರು. ಮಗಳು ಹಗ್ಗ ಕೆಳಗಿಟ್ಟು ಕೋಚ್‌ನ ಹತ್ತಿರ ಬಂದಳು. ಮುಖದಲ್ಲಿ ಬೆವರಿರಲಿಲ್ಲ.

“ಅಪ್ಪಾ” ಎಂದಳು.

ಹಾಲ್‌ನಲ್ಲಿ ಆ ಪದ ಅದೇ ಮೊದಲು. ಹಗ್ಗಗಳೆಲ್ಲ ನಿಂತವು. ಕೋಚ್‌ಗೆ ಮೈಯೆಲ್ಲ ಉರಿಯಿತು. ಕೆಂಪಿನ ವಿಷಯ ಇನ್ನೂ ಎದೆಯಲ್ಲಿ ಕುದಿಯುತ್ತಿತ್ತು.

“ಯಾರಿಲ್ಲಿ ಅಪ್ಪ?” ಎಂದು ಹಾಲ್‌ನ ಸುತ್ತ ಕಣ್ಣಾಡಿಸಿದ. “ಯಾರದ್ದಾದ್ರೂ ಅಪ್ಪ ಬಂದಿದಾರೇನ್ರೇ? ಇಲ್ಲ? ಹಾಗಾದ್ರೆ ಹಗ್ಗ ತಗೊ.”

ಒಬ್ಬಿಬ್ಬರು ಒಣಗಿದ ತುಟಿಯಲ್ಲೇ ನಕ್ಕರು. ಬಂಡೆ ನಗಲಿಲ್ಲ. ಮಗಳು, “ಏನಿಲ್ಲ ಸರ್” ಎಂದು ಹೋಗಿ ಹಗ್ಗ ತೆಗೆದುಕೊಂಡಳು. ಎಲ್ಲರೂ ನಿಲ್ಲಿಸಿದ ಮೇಲೂ ಹಾರುತ್ತಲೇ ಇದ್ದಳು.

ಮನೆಯಲ್ಲಿ ಹೆಂಡತಿ ಬೇರೆ ಕಾದಿದ್ದಳು. ಅವಳು ಪ್ರೈಮರಿ ಶಾಲೆಯ ಟೀಚರ್. ಐವತ್ತು ಮಕ್ಕಳ ಗದ್ದಲದಲ್ಲೂ ಯಾವ ಮಗುವಿಗೆ ಜ್ವರ ಎಂದು ಕಂಡುಹಿಡಿಯುವವಳು.

“ರೀ, ಇವಳು ತಟ್ಟೆ ಮುಂದೆ ಕೂತು ಹಾಗೇ ಎದ್ದು ಹೋಗ್ತಾಳೆ.”

“ತೂಕದ ವಾರ ಕಣೇ.”

“ಹೋದ ತಿಂಗಳು ಯಾವ ತೂಕದ ವಾರ ಇತ್ತು? ಬೆಳಗಿನ ಜಾವ ಎದ್ದು ನೋಡಿದ್ರೆ ಹಾಸಿಗೆ ಮೇಲೆ ಗೊಂಬೆ ಹಾಗೆ ಕೂತಿರ್ತಾಳೆ. ಏನಾಯ್ತೇ ಅಂದ್ರೆ ಏನಿಲ್ಲಮ್ಮ ಅಂತಾಳೆ. ಸ್ನೇಹಿತೆಯರ ಫೋನ್ ಬಂದ್ರೆ ಎತ್ತಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಹೆಗ್ಗಣದ ತೂಕ ಮಾತ್ರ ಮುದ್ದು.”

“ಪಂದ್ಯ ಮುಗೀಲಿ” ಎಂದ ಕೋಚ್. “ಗೆದ್ದು ಬಂದ್ರೆ ಎಲ್ಲಾ ಸರಿಹೋಗುತ್ತೆ.”

ಗೆದ್ದೇ ಬಂದಳು. ಅದೊಂದು ದೊಡ್ಡ ಮೋಸ. ಸೋತಿದ್ದರೆ ಯಾರಾದರೂ ಅವಳ ಮುಖ ನೋಡುತ್ತಿದ್ದರೇನೋ.

ಶುಕ್ರವಾರ ತೂಕದ ಹೊತ್ತಿಗೆ ಅವಳು ಐವತ್ತೊಂದಕ್ಕೂ ಕೆಳಗಿದ್ದಳು. ಮಷೀನಿನ ಬಳಿ ಕೂತಿದ್ದ ಅಧಿಕಾರಿ, “ಏನ್ ಸಾರ್, ಹುಡುಗಿಗೆ ಇನ್ನೆರಡು ಹೊತ್ತು ಊಟ ಹಾಕಬಹುದಿತ್ತಲ್ಲ” ಎಂದು ತಮಾಷೆ ಮಾಡಿದ. ಕೋಚ್ ನಕ್ಕ. ತೂಕ ಮುಗಿದದ್ದೇ ತಡ ಹುಡುಗಿಯರು ಬ್ರೆಡ್ಡು, ಬಾಳೆಹಣ್ಣು, ಜ್ಯೂಸಿನ ಮೇಲೆ ಮುಗಿಬಿದ್ದರು. ಮಗಳು ಒಂದು ಬ್ರೆಡ್ ತುಂಡು ಹಿಡಿದು ಕೂತಳು. ಉಳಿದವರು ತಿಂದು, ಕುಡಿದು, ಬಣ್ಣ ಬಂದು, ಒಬ್ಬರನ್ನೊಬ್ಬರು ರೇಗಿಸತೊಡಗಿದಾಗಲೂ ಆ ತುಂಡು ಅವಳ ಕೈಯಲ್ಲೇ ಇತ್ತು. ಬಂಡೆ ಪಕ್ಕದಲ್ಲಿ ಕೂತು, “ತಿನ್ನೇ, ಒಂದು ಕಚ್ಚು, ನನಗೋಸ್ಕರ” ಎಂದು ಗೋಗರೆಯುತ್ತಿದ್ದಳು. ಅವಳ ಒತ್ತಾಯಕ್ಕೆ ಒಂದು ಕಚ್ಚಿದಳು.

ಮ್ಯಾಟಿನ ಮೇಲೆ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಭಯವಿಲ್ಲದವಳನ್ನು ಹಿಡಿಯುವುದು ಕಷ್ಟ. ಎದುರಾಳಿ ತೋಳು ತಿರುಚಿದರೂ ಮುಖ ಸಿಂಡರಿಸುತ್ತಿರಲಿಲ್ಲ. ಫೈನಲಿನಲ್ಲಿ ಎದುರಾಳಿಯನ್ನು ಚಿತ್ ಮಾಡಿ ಎದ್ದು ನಿಂತಾಗ ರೆಫರಿ ಅವಳ ಕೈ ಎತ್ತಿದ. ಆ ಕೈಯನ್ನು ಅವಳು ಬೇರೆ ಯಾರದ್ದೋ ಕೈ ನೋಡುವಂತೆ ನೋಡಿದಳು. ಕೋಚ್ ಕಣ್ಣಲ್ಲಿ ಧಾರಾಕಾರ ನೀರು. ತನ್ನ ಆ ಒಂದು ಲೋಟ ನೀರು ಅಂದು ಇಳಿದುಹೋಯಿತು ಎಂದುಕೊಂಡ.

ಮುಂದಿನ ವಾರ ಕೌನ್ಸಿಲರ್ ಮತ್ತೆ ಬಂದಳು. ಅದೇ ಗೋಡೆ, ಅದೇ ಸಾಲು, ಅದೇ ಪ್ರಶ್ನೆಗಳು. ಹುಡುಗಿಯರ ಕೆನ್ನೆ ತುಂಬಿಕೊಂಡಿದ್ದವು. ಮಧ್ಯೆ ಮಧ್ಯೆ ಕಿಸಕ್ಕೆಂದು ನಗು. ಕೋಚ್‌ನ ಮಗಳು ಈ ಸಲ ಎಲ್ಲರಿಗಿಂತ ಮೊದಲು ಮುಗಿಸಿದಳು. ಕೊನೆಯ ಪ್ರಶ್ನೆಯ ಮೇಲೂ ನಿಲ್ಲಲಿಲ್ಲ.

ಹನ್ನೊಂದು ಜನ ಹಸಿರು. ಕೆಂಪು ಬಂದವಳು ಒಬ್ಬಳೇ, ಬಂಡೆ. ಮೊದಲ ಸುತ್ತಿನಲ್ಲೇ ಸೋತಿದ್ದಳಲ್ಲ, ಅದಕ್ಕೇ ಎಂದು ಕೋಚ್ ಹೊಟ್ಟೆ ಹಿಡಿದು ನಕ್ಕ. “ನೋಡಿದ್ರಾ ಮೇಡಂ? ನಾನೇನು ಹೇಳಿದ್ದೆ? ಹೊಟ್ಟೆ ತುಂಬಿದ್ರೆ ಎಲ್ಲಾ ಸರಿ. ಒಂದು ಕೆಂಪು ಇದೆ, ಅದನ್ನ ಬೇಕಾದ್ರೆ ಇಟ್ಕೊಳ್ಳಿ.”

ಕೌನ್ಸಿಲರ್ ನಗಲಿಲ್ಲ. ಬಂಡೆಯನ್ನು ಕರೆದು ಕೂರಿಸಿಕೊಂಡು ಮಾತಾಡಿದಳು. ಬಂಡೆ ತನ್ನ ಬಗ್ಗೆ ಏನೂ ಹೇಳಲಿಲ್ಲ. ಗೆಳತಿಯೊಬ್ಬಳ ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ ಎಂದಳು, ಯಾರು ಎಂದು ಕೇಳಿದರೆ ಅತ್ತಳು. ಕೋಚ್‌ನ ಮಗಳ ಹೆಸರು ಕೋಚ್‌ನ ಹಾಲ್‌ನಿಂದ ನೂರು ಹೆಜ್ಜೆ ದೂರದ ಕೋಣೆಯಲ್ಲಿ ಹೇಳಲು ಯಾವ ಹುಡುಗಿಗೆ ಧೈರ್ಯ ಬಂದೀತು? ನಾಳೆ ಮತ್ತೆ ಬರುತ್ತೇನೆ ಮೇಡಂ ಎಂದು ಹೋದವಳು ಬರಲಿಲ್ಲ. ಅದೇ ವಾರ ಡೈರೆಕ್ಟರ್ ಒಂದು ಸುತ್ತೋಲೆ ಹೊರಡಿಸಿದರು: ಇನ್ನು ಮುಂದೆ ತೂಕದ ವಾರದಲ್ಲಿ ಯಾರ ಮನಸ್ಸನ್ನೂ ಪರೀಕ್ಷಿಸತಕ್ಕದ್ದಲ್ಲ. ಈ ಸೂಕ್ಷ್ಮವನ್ನು ಗಮನಕ್ಕೆ ತಂದ ಕುಸ್ತಿ ಕೋಚ್‌ಗೆ ಅಭಿನಂದನೆ. ಕೋಚ್ ಅದನ್ನು ಹಾಲ್‌ನ ಬಾಗಿಲಿಗೆ ಅಂಟಿಸಿದ. ದೀಪದ ಕೆಳಗೆ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ದೀಪಕ್ಕೆ ಅದು ಕಾಣುವುದಿಲ್ಲ, ಅಷ್ಟೇ.

ಶಿಬಿರದ ಕರೆ ಬಂದ ಮರುದಿನ ಮಧ್ಯಾಹ್ನ, ಶಾಲೆಗೆ ಅರ್ಧ ದಿನ ರಜೆಯಾಗಿ ಹೆಂಡತಿ ಬೇಗ ಮನೆಗೆ ಬಂದಳು. ಮಗಳ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಕೂಗಿದಳು. ಬಡಿದಳು. ಆಮೇಲೆ ಪಕ್ಕದ ಮನೆಯವರನ್ನು ಕರೆದು ಬಾಗಿಲು ಒಡೆಸಿದಳು. ಒಳಗೆ ಏನಾಗಿತ್ತು ಎಂಬುದನ್ನು ಬಿಡಿಸಿ ಹೇಳುವುದರಿಂದ ಯಾರಿಗೂ ಉಪಕಾರವಿಲ್ಲ. ಮಗಳು ಉಳಿದಳು. ಆ ತಾಯಿಯ ಶಾಲೆಯಲ್ಲಿ ಅಂದು ಪೂರ್ತಿ ದಿನ ಪಾಠವಿದ್ದಿದ್ದರೆ ಉಳಿಯುತ್ತಿರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೋಚ್‌ಗೆ ಮೊದಲು ಕಂಡವಳು ಕೌನ್ಸಿಲರ್. ಬಂಡೆಯನ್ನು ಕರೆದುಕೊಂಡು ಬಂದಿದ್ದಳು. ಬಂಡೆ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಅವಳ ಅಗಲ ಬೆನ್ನು ಕುಲುಕುತ್ತಿತ್ತು. ಕೋಚ್‌ಗೆ ಸಿಕ್ಕಿದ್ದು ಸಿಟ್ಟೊಂದೇ, ಅದನ್ನೇ ಹಿಡಿದುಕೊಂಡ.

“ಹೋದ ವಾರ ಎಲ್ಲಾ ಸರಿ ಅಂತ ಬರೆದಿದ್ದಳಲ್ಲ! ಹಸಿರು ಅಂದ್ರಲ್ಲ! ಏನು ಪರೀಕ್ಷೆ ನಿಮ್ಮದು? ಯಾವನಿಗೆ ಬೇಕು ಅದು?”

ಕೌನ್ಸಿಲರ್ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ದನಿ ಮಾತ್ರ ಗಟ್ಟಿಯಾಗಿತ್ತು. “ಮೊದಲನೇ ಸಲ ನಿಜ ಹೇಳಿದ್ದಳು ಸರ್. ನಾವಿಬ್ಬರೂ ಸೇರಿ ರದ್ದು ಮಾಡಿದ್ವಿ.” ಅವನ ಮುಖ ನೋಡಿ, “ಎಲ್ಲರೂ ತೂಕ ಇಳಿಸ್ತಿದಾರಾ ಅಂತ ನಿಮ್ಮನ್ನ ಕೇಳಿದ್ದೆ” ಎಂದಳು.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಡತಿ ತಲೆಯೆತ್ತಿದಳು. “ಇವಳು ಇಳಿಸ್ತಿರಲಿಲ್ಲವಲ್ಲ” ಎಂದಳು, ಯಾರಿಗೆಂದಿಲ್ಲದೆ. “ಮಿತಿಗಿಂತ ಕೆಳಗಿದಾಳೆ, ಏನು ಬೇಕಾದ್ರೂ ತಿನ್ನಿಸು ಅಂತ ನೀವೇ ಆ ಸೋಮವಾರ ನನಗೆ ಹೇಳಿದ್ರಲ್ಲ ರೀ.”

ಕೋಚ್ ಬಾಯಿ ತೆರೆದ. ಬಾಯಲ್ಲಿ ಎಂಜಲಿರಲಿಲ್ಲ.

ಒಳಗೆ ಬಿಟ್ಟದ್ದು ಮರುದಿನ ಬೆಳಿಗ್ಗೆ. ಮಗಳು ದಿಂಬಿಗೆ ಒರಗಿ ಕೂತಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತ. ಅಷ್ಟರಲ್ಲಿ ನರ್ಸ್ ಒಬ್ಬಳು ತೂಕದ ಮಷೀನನ್ನು ತಳ್ಳಿಕೊಂಡು ಬಂದಳು. ಔಷಧಿಯ ಪ್ರಮಾಣಕ್ಕೆ ತೂಕ ಬೇಕಂತೆ.

ಮಗಳು ತಾನಾಗಿಯೇ ಇಳಿದಳು. ಚಪ್ಪಲಿ ಬಿಟ್ಟಳು. ಕೂದಲಿನ ಕ್ಲಿಪ್ ತೆಗೆದು ಹಾಸಿಗೆಯ ಮೇಲಿಟ್ಟಳು. ಉಸಿರು ಪೂರ್ತಿ ಹೊರಗೆ ಬಿಟ್ಟು ಮಷೀನಿನ ಮೇಲೆ ನೆಟ್ಟಗೆ ನಿಂತು, ನರ್ಸ್ ಕಡೆ ನೋಡದೆ ಅವನ ಕಡೆ ನೋಡಿದಳು. ಅವನಿಗೆ ಅಂಕಿ ಕಂಡಿತು. ಹೇಳಲಿಲ್ಲ. ನರ್ಸ್ ತಾನೇ ಬಗ್ಗಿ ನೋಡಿ ಬರೆದುಕೊಂಡು “ಕ್ಲಿಪ್ ಯಾಕಮ್ಮ ತೆಗೆದೆ?” ಎಂದು ನಗುತ್ತಾ ಹೋದಳು.

“ಪುಟ್ಟಿ” ಎಂದ ಕೋಚ್. “ಎರಡನೇ ಸಲ ಕೇಳಿದಾಗ ಯಾಕೆ ಎಲ್ಲಾ ಸರಿ ಅಂತ ಬರೆದೆ?”

ಮಗಳು ಯೋಚಿಸಿದಳು. ಸಿಟ್ಟಿರಲಿಲ್ಲ ಅವಳಲ್ಲಿ; ಇದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. “ಒಂದು ಸಲ ಉತ್ತರ ಕೊಟ್ಟಮೇಲೂ ಟೀಚರ್ ಅದೇ ಪ್ರಶ್ನೆ ಇನ್ನೊಂದು ಸಲ ಕೇಳಿದ್ರೆ, ಮೊದಲನೇ ಉತ್ತರ ತಪ್ಪು ಅಂತ ತಾನೇ ಅರ್ಥ?”

“ನನ್ನ ಹತ್ರ ಬಂದು ಒಂದು ಮಾತು ಹೇಳಬಾರದಿತ್ತೇನೇ?”

“ಹೇಳಿದ್ದೆನಲ್ಲ ಸರ್.”

ಮನೆಯವರಲ್ಲದೆ ಬೇರೆ ಯಾರೂ ಇಲ್ಲದ ಕೋಣೆ ಅದು. ಅವಳು ಬೇಕೆಂದು ಹಾಗೆ ಕರೆಯಲಿಲ್ಲ. ಬಾಯಿಗೆ ಬಂದದ್ದೇ ಅದು.

“ಯಾವಾಗ? ಹಗ್ಗ ಹಾರ್ತಿದ್ದಾಗಲಾ? ಅವತ್ತು ನಾನು...”

“ಅದಲ್ಲ. ಅದಕ್ಕೂ ಮುಂಚೆ. ಮಷೀನ್ ಮೇಲೆ ನಿಂತಾಗ. ಮೈ ನೋಡಿದ್ರೆ ನಿಮಗೆ ಎಲ್ಲಾ ಗೊತ್ತಾಗುತ್ತಲ್ಲ, ಇದೂ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ನೀವು ಎರಡೆರಡು ಸಲ ನಿಲ್ಲಿಸಿ ನೋಡಿದ್ರಿ.”

ಅವನಿಗೆ ಮುಂದಿನದು ನೆನಪಿತ್ತು. ಕೇಳದಿದ್ದರೆ ಸಾಕೆಂದು ತಲೆ ತಗ್ಗಿಸಿದ.

“ಶಭಾಷ್ ಅಂದ್ರಿ” ಎಂದಳು ಮಗಳು. “ಎಲ್ಲರನ್ನೂ ಕರೆದು, ನೋಡ್ರೇ ಇವಳನ್ನ, ಅಂದ್ರಿ.”